ಯಾಕೆ ಬರಲಿಲ್ಲ ಎಂದು ಕೇಳುವವರು

ಓದಲಿಕ್ಕೆಂದು ಬೆಂಗಳೂರಿಗೆ ಹೊರಟ ಹದಿನೆಂಟರ ಹುಡುಗ ಹುಡುಗಿಯರಿಗೆ ಮನೆಯವರು, ನೆಂಟರು, ಮೇಷ್ಟ್ರು ಎಲ್ಲರೂ ಹೇಳಿ ಕಳಿಸುವುದು ಒಂದೇ ಮಾತು: ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ, ಆಮೇಲೆ ಎಲ್ಲಾ ಸರಿಹೋಗುತ್ತೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಪ್ರೀತಿಯ ಒಳಗೊಂದು ವಾದ ಕೂತಿದೆ. ಊರು ಇದ್ದ ಹಾಗೇ ಇರುತ್ತದೆ, ಬದಲಾಗಬೇಕಾದವರು ಬಂದವರು, ಹೊಂದಿಕೊಳ್ಳಲು ಆಗದಿದ್ದರೆ ಕೊರತೆ ಅವರದೇ ಎಂಬ ವಾದ. ಅದು ತಪ್ಪೆಂದು ನಾನು ನಂಬಿದ್ದೇನೆ. ಒಂದು ಊರಿನಲ್ಲಿ ನೆಲೆಯಾಗುವುದು ಬಂದವರು ಒಬ್ಬರೇ ಕೂತು ಮಾಡಿ ಮುಗಿಸಬಹುದಾದ ಕೆಲಸವೇ ಅಲ್ಲ.

ಪಶ್ಚಿಮ ಬೆಂಗಳೂರನ್ನೇ ತೆಗೆದುಕೊಳ್ಳಿ. ಮೈಸೂರು ರಸ್ತೆಯಲ್ಲಿ 1963ರಲ್ಲಿ ಶುರುವಾದ ಆರ್.ವಿ. ಇಂಜಿನಿಯರಿಂಗ್ ಕಾಲೇಜು, ಮಲ್ಲತ್ತಹಳ್ಳಿಯಲ್ಲಿ 1980ರ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ, ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ, ರಾಜಾಜಿನಗರದ ಕೆಎಲ್‌ಇ ಕಾಲೇಜು, ಇವೆಲ್ಲದರ ನಡುವೆ ಬೆಂಗಳೂರು ವಿಶ್ವವಿದ್ಯಾಲಯದ ಸಾವಿರಕ್ಕೂ ಹೆಚ್ಚು ಎಕರೆಯ ಜ್ಞಾನಭಾರತಿ. ಸಿಇಟಿ ಕೌನ್ಸೆಲಿಂಗ್ ಮುಗಿದು ಸೀಟು ಖಾತ್ರಿಯಾದದ್ದೇ ತಡ, ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟಿನ ಪಿ.ಜಿ.ಗಳ ಮುಂದೆ ಆಟೋಗಳಿಂದ ಸೂಟ್‌ಕೇಸು, ಬಕೆಟ್ಟು, ಹಾಸಿಗೆ ಸುರುಳಿ ಇಳಿಯತೊಡಗುತ್ತವೆ. ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದ 2013ರಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ರಾಜ್ಯದ ಉಳಿದ ಭಾಗದ ಕಾಲೇಜುಗಳಲ್ಲೂ ಶೇ 8ರಷ್ಟು ಸೀಟು ಮೀಸಲು. ಹಾಗಾಗಿ ಮಂಡ್ಯ, ತುಮಕೂರಿನವರ ಜೊತೆ ಬೀದರ್, ಯಾದಗಿರಿ, ರಾಯಚೂರಿನವರೂ ಇಲ್ಲಿಗೆ ಬಂದಿಳಿಯುತ್ತಾರೆ.

ಊರನ್ನು ಕಲಿಯುವುದೇನೂ ಕಷ್ಟವಿಲ್ಲ. 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಮೆಟ್ರೊ ನೇರಳೆ ಮಾರ್ಗ ಮುಟ್ಟಿದ ಮೇಲಂತೂ ದಾರಿ ತಪ್ಪುವ ಭಯವೂ ಕಡಿಮೆಯಾಯಿತು. ಯಾವ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಿಸಿಯಾಗಿ ಸಿಗುತ್ತದೆ, ಯಾವ ಅಂಗಡಿಯಲ್ಲಿ ಝೆರಾಕ್ಸ್ ಅಗ್ಗ ಎಂಬುದೆಲ್ಲ ದಸರಾ ರಜೆಯ ಹೊತ್ತಿಗೆ ಬಾಯಿಪಾಠ. ಹಾಗಿದ್ದೂ ಊರೆಲ್ಲ ಗೊತ್ತಿರುವ ಎಷ್ಟೋ ಮಕ್ಕಳು ಎರಡನೇ ಸೆಮಿಸ್ಟರಿನಲ್ಲೂ ಬಸ್ ನಿಲ್ದಾಣದಲ್ಲಿ ಕೂತವರ ಹಾಗೆಯೇ ಬದುಕುತ್ತಿರುತ್ತಾರೆ. ಯಾಕೆಂದು ತಿಳಿಯಲು ಅವರ ಕೋಣೆಯನ್ನು ಹತ್ತಿರದಿಂದ ನೋಡಬೇಕು.

ಮೂವರಿಗೆ ಒಂದು ಕೋಣೆ. ಮೂರು ಮಂಚ, ಮೂರು ಕಬ್ಬಿಣದ ಬೀರು, ಮೂರು ಬೀಗ. ಬೆಳಿಗ್ಗೆ ಕೆಳಗಿನ ಕಟ್ಟೆಯ ಮೇಲೆ ಚಿತ್ರಾನ್ನದ ದೊಡ್ಡ ಪಾತ್ರೆ ಇಟ್ಟಿರುತ್ತಾರೆ. ತಟ್ಟೆಗೆ ಬಡಿಸಿಕೊಂಡು ತಿಂದು, ಅದನ್ನೇ ಮಧ್ಯಾಹ್ನದ ಡಬ್ಬಿಗೂ ತುಂಬಿಕೊಂಡು ಹೊರಡಬೇಕು. ರಾತ್ರಿ ಹತ್ತಕ್ಕೆ ಗೇಟು ಹಾಕುತ್ತಾರೆ. ಇದರಲ್ಲಿ ಕ್ರೌರ್ಯವೇನೂ ಇಲ್ಲ. ಕೊಟ್ಟ ಬಾಡಿಗೆಗೆ ತಕ್ಕ ವ್ಯವಸ್ಥೆ. ಆದರೆ ಒಬ್ಬಳು ಜ್ವರ ಬಂದು ಮಲಗಿ ಎರಡು ಹೊತ್ತು ಕೆಳಗಿಳಿಯದೇ ಹೋದರೆ ಪಾತ್ರೆಯ ತಳದಲ್ಲಿ ಅನ್ನ ಒಂದು ಸೌಟು ಹೆಚ್ಚು ಉಳಿಯುತ್ತದೆ. ಅವಳು ಬಂದಿಲ್ಲವೆಂಬುದಕ್ಕೆ ಆ ಮನೆಯಲ್ಲಿ ಅದೊಂದೇ ಗುರುತು.

ಕಾಲೇಜಿಗೆ ಗೊತ್ತಾಗುವುದಿಲ್ಲವೇ? ಚೆನ್ನಾಗಿ ಗೊತ್ತಾಗುತ್ತದೆ. ವಿಟಿಯು ನಿಯಮದ ಪ್ರಕಾರ ಶೇ 85ರ ಹಾಜರಾತಿ ಬೇಕು, ಕಡಿಮೆಯಾದರೆ ಶಾರ್ಟೇಜು. ಊರಿನಲ್ಲಿರುವ ಅಪ್ಪನ ಫೋನಿಗೆ ಇಂಗ್ಲಿಷಿನಲ್ಲೊಂದು ಸಂದೇಶ ಹೋಗುತ್ತದೆ. ಅಪ್ಪ ಅದನ್ನು ಬೇರೆಯವರ ಹತ್ತಿರ ಓದಿಸಿಕೊಂಡು, ಗಾಬರಿಯಾಗಿ ಫೋನ್ ಮಾಡಿ, ಮೊದಲು ಬೈದು ಆಮೇಲೆ ಹುಷಾರಿಲ್ಲವೇನು ಎಂದು ಕೇಳುತ್ತಾನೆ. ಸುದ್ದಿ ಐನೂರು ಕಿಲೋಮೀಟರ್ ಹೋಗಿ ವಾಪಸು ಬಂತು. ತರಗತಿಯಲ್ಲಿ ಪಕ್ಕದ ಬೆಂಚಿನವರಿಗೆ ತಿಳಿಯಲೇ ಇಲ್ಲ. ಲೆಕ್ಕ ಇಡುವುದೂ ವಿಚಾರಿಸುವುದೂ ಒಂದೇ ಎಂದು ನಮ್ಮ ಸಂಸ್ಥೆಗಳು ತಿಳಿದಿರುವಂತಿದೆ. ಲೆಕ್ಕ ಇಡಲು ಯಂತ್ರ ಸಾಕು. ವಿಚಾರಿಸಬೇಕಾದರೆ, ಆ ವ್ಯಕ್ತಿ ಬಾರದೇ ಇದ್ದದ್ದರಿಂದ ತನಗೂ ಏನೋ ಕಡಿಮೆಯಾಯಿತು ಎಂದು ಯಾರಿಗಾದರೂ ಅನ್ನಿಸಿರಬೇಕು.

ನಾನು ಹೇಳಬೇಕೆಂದಿರುವುದು ಇದನ್ನೇ. ಒಬ್ಬ ಮನುಷ್ಯ ಹೊಸ ಊರಿನವನಾಗುವುದು ಅವನಿಗೆ ಆ ಊರು ತಿಳಿದಾಗ ಅಲ್ಲ, ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳುವ ಹಕ್ಕುಳ್ಳವರು ಅಲ್ಲಿ ಹುಟ್ಟಿಕೊಂಡಾಗ. ಹಾಗೆ ಕೇಳುವವರು ಎದುರುಗಡೆಯಿಂದ ಬರಬೇಕು. ಬಂದವನು ಎಷ್ಟೇ ಚುರುಕಾಗಿದ್ದರೂ ಅವರನ್ನು ತಾನೇ ಸೃಷ್ಟಿಸಿಕೊಳ್ಳಲಾರ.

ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಕುವೆಂಪು ಅವರ ಬದುಕಿನಲ್ಲಿ ಇಂಥ ಒಂದು ಘಟ್ಟವಿದೆ. ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿದ್ದಾಗ ಕಾಯಿಲೆ ಬಿದ್ದರು. ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋದರು. ಮುಂದೆ ಹಲವು ವರ್ಷ ಆಶ್ರಮವೇ ಅವರ ಮನೆಯಾಯಿತು. ಕನ್ನಡದ ಒಬ್ಬ ಮಹಾಕವಿ ಮೈಸೂರಿನವರಾದದ್ದರ ಹಿಂದೆ ಅವರ ಪ್ರತಿಭೆ ಇತ್ತು, ಹಟ ಇತ್ತು. ಬಂದು ಬಾಗಿಲು ತಟ್ಟಿದ ಇನ್ನೊಬ್ಬ ಮನುಷ್ಯನೂ ಇದ್ದರು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವಂತಿಲ್ಲ. ಯಾರೂ ಕೇಳದಿರುವುದೇ ನಗರ ಕೊಡುವ ಬಿಡುಗಡೆಯಲ್ಲವೇ? ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ನಿಂತಿದ್ದೆ ಎಂದು ಓಣಿಗೆ ಓಣಿಯೇ ಕೇಳುವ ಊರಿನಿಂದ ಬಂದ ಹುಡುಗಿಗೆ ವಿಜಯನಗರದ ಮಾರುಕಟ್ಟೆಯಲ್ಲಿ ಯಾರ ಕಣ್ಣಿಗೂ ಬೀಳದೆ ಒಂದು ಸಂಜೆ ನಡೆಯುವುದು ಜೀವಮಾನದ ಮೊದಲ ಸ್ವಾತಂತ್ರ್ಯವಾಗಿರಬಹುದು. ಜಾತಿಯ ಕಾರಣಕ್ಕೆ ಸದಾ ಗುರುತಿಸಲ್ಪಟ್ಟವರ ಪಾಲಿಗೆ ಗುರುತಿಲ್ಲದಿರುವುದು ಇನ್ನೂ ದೊಡ್ಡ ವಿಷಯ. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅಂಬೇಡ್ಕರ್ ಅವರಿಗೆ ನ್ಯೂಯಾರ್ಕಿನಲ್ಲಿ ಇರಲು, ಉಣ್ಣಲು, ಓದಲು ಜಾತಿ ಅಡ್ಡ ಬರಲಿಲ್ಲ. ಅದೇ ಮನುಷ್ಯ 1917ರಲ್ಲಿ ಕೆಲಸಕ್ಕೆಂದು ಬರೋಡಾಕ್ಕೆ ಬಂದಾಗ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದರು. ಯಾರೆಂದು ತಿಳಿದದ್ದೇ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ನೀನು ಯಾರು ಎಂಬ ಪ್ರಶ್ನೆ ಎಷ್ಟು ಹಿಂಸೆಯದಾಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಸೀಮೆಯ ವಿದ್ಯಾರ್ಥಿ ಜೀವನದ ಚರಿತ್ರೆಯಲ್ಲೂ ವಿಚಾರಿಸುವ ಪ್ರೀತಿ ಯಾರೆಂದು ಕೇಳಿದ ಮೇಲೆಯೇ ಸಿಗುತ್ತಿತ್ತು. ಬಡ ಬ್ರಾಹ್ಮಣ ಹುಡುಗರು ವಾರಾನ್ನ ಮಾಡಿಕೊಂಡು ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹುಡುಗ ಒಂದು ದಿನ ಬಾರದಿದ್ದರೆ ಆ ಮನೆಯ ತಾಯಿ ಖಂಡಿತ ವಿಚಾರಿಸುತ್ತಿದ್ದಳು. ಆ ಎಲೆಯ ಮುಂದೆ ಬೇರೆ ಜಾತಿಯ ಹುಡುಗನಿಗೆ ಜಾಗವಿರಲಿಲ್ಲ. ಅದಕ್ಕೆ ಉತ್ತರವಾಗಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸಮುದಾಯಗಳು ತಮ್ಮ ತಮ್ಮ ಹಾಸ್ಟೆಲುಗಳನ್ನು ಕಟ್ಟಿದವು. ಗುಬ್ಬಿ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರದ ಧರ್ಮಸಂಸ್ಥೆಯಿಂದ ವಿದ್ಯಾರ್ಥಿನಿಲಯವೂ ನಡೆಯಿತು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ಹಾಸ್ಟೆಲು ನಡೆಸಿತು. ಈ ಹಾಸ್ಟೆಲುಗಳಿಲ್ಲದಿದ್ದರೆ ಹಳ್ಳಿಗಾಡಿನ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹುಟ್ಟುತ್ತಲೇ ಇರಲಿಲ್ಲ. ಅವುಗಳ ಋಣ ದೊಡ್ಡದು. ಬಾಗಿಲಲ್ಲಿ ಕೇಳುವ ಪ್ರಶ್ನೆ ಮಾತ್ರ ಅದೇ ಉಳಿಯಿತು.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ರಾಜಾಜಿನಗರದ ಮಗ್ಗುಲಿನ ಶ್ರೀರಾಂಪುರಕ್ಕೆ ಬಂದ ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಈ ಕಥೆಯ ಇನ್ನೊಂದು ಮಗ್ಗುಲು ಗೊತ್ತು. ದಲಿತ ಮಕ್ಕಳ ಹಾಸ್ಟೆಲಿನ ಹಸಿವು, ಅದರ ನಡುವೆಯೇ ಗೆಳೆತನ, ಪುಸ್ತಕ, ಓದಲು ಪ್ರಶಾಂತವಾದ ಜಾಗ ಬೇಕೆಂದಾಗ ಸ್ಮಶಾನ. ಆ ಹುಡುಗ ಮುಂದೆ ಜ್ಞಾನಭಾರತಿಯಲ್ಲಿ ಕನ್ನಡ ಪ್ರಾಧ್ಯಾಪಕರಾದರು. ನಗರ ಅವರನ್ನು ಕೈಹಿಡಿದು ಒಳಗೆ ಕರೆಯಲಿಲ್ಲ. ತಮ್ಮಂತೆಯೇ ಹೊರಗಿದ್ದವರ ಜೊತೆ ಸೇರಿ ಅವರು ಜಾಗ ಮಾಡಿಕೊಂಡರು.

ಹಾಗಾದರೆ ನಮ್ಮ ಮುಂದಿರುವ ಆಯ್ಕೆ ಎರಡೇ ಏನು? ಜಾತಿ ಕೇಳಿ ಅನ್ನ ಹಾಕುವ ಮನೆ ಒಂದು ಕಡೆ, ಏನನ್ನೂ ಕೇಳದೆ ಬಾಡಿಗೆ ಎಣಿಸಿಕೊಳ್ಳುವ ಪಿ.ಜಿ. ಇನ್ನೊಂದು ಕಡೆ? (ಪಿ.ಜಿ. ಏನನ್ನೂ ಕೇಳುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಬಾಡಿಗೆ ಮನೆ ಹುಡುಕುವಾಗ ನೀವು ಯಾವ ಜನ ಎಂಬ ಪ್ರಶ್ನೆ ಈಗಲೂ ಎದುರಾಗುತ್ತದೆ. ಬಸವಣ್ಣನವರ ಹೆಸರು ಹೊತ್ತ ಬಡಾವಣೆಯಲ್ಲೂ ಅದು ಎದುರಾಗುತ್ತದೆ ಎಂಬುದು ನನಗೆ ನೋವಿನ ವಿಷಯ.) ಮೂರನೆಯ ದಾರಿ ಇದೆ ಎಂದು ನಾನು ನಂಬುತ್ತೇನೆ, ಅದು ಆದರ್ಶದ ಮಾತಾಗಿ ಉಳಿದಿಲ್ಲ, ಅಲ್ಲಲ್ಲಿ ನಡೆಯುತ್ತಲೇ ಇದೆ.

ವಿಜಯನಗರದ ರೀಡಿಂಗ್ ರೂಮುಗಳಿಗೆ ಹೋಗಿ ನೋಡಬೇಕು. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರಿಗಾಗಿ ಹುಟ್ಟಿದ, ತಿಂಗಳ ಬಾಡಿಗೆಯ ಕೋಣೆಗಳು. ಸಾಲು ಸಾಲು ಮೇಜು, ನಡುವೆ ಹಲಗೆಯ ಅಡ್ಡ, ತಲೆಯ ಮೇಲೊಂದು ದೀಪ. ಮಾತಿಲ್ಲ. ಆದರೆ ಹಳೆಯ ಪ್ರಶ್ನೆಪತ್ರಿಕೆಯನ್ನು ನಾಲ್ವರು ಹಂಚಿಕೊಂಡು, ಒಬ್ಬ ಅರ್ಥಶಾಸ್ತ್ರದ ಟಿಪ್ಪಣಿ, ಇನ್ನೊಬ್ಬ ಭೂಗೋಳದ ಟಿಪ್ಪಣಿ ಮಾಡುವ ಒಪ್ಪಂದ ಆಗಿದ್ದರೆ, ಭೂಗೋಳದವನು ಬಾರದ ದಿನ ಉಳಿದ ಮೂವರಿಗೆ ತಕ್ಷಣ ತಿಳಿಯುತ್ತದೆ. ಫೋನ್ ಹೋಗುತ್ತದೆ. ಅವನು ಯಾವ ಊರಿನವನು, ಯಾವ ಜನ ಎಂಬುದು ಆ ಫೋನಿಗೆ ಬೇಕಿಲ್ಲ. ಅವನ ಪಾಲಿನ ಕೆಲಸ ನಿಂತಿದೆ, ಅದಕ್ಕಾಗಿ ಅವನು ಬೇಕು.

ಡಿವೈಡಿಂಗ್ ಪದ್ಧತಿಯ ಹಾಸ್ಟೆಲ್ ಮೆಸ್ಸುಗಳಲ್ಲಿ ಬೆಳೆದವರಿಗೂ ಇದು ಗೊತ್ತಿರುತ್ತದೆ. ತಿಂಗಳ ಖರ್ಚನ್ನು ಉಂಡವರ ತಲೆಗೆ ಹಂಚುವ ಪದ್ಧತಿ ಅದು. ತರಕಾರಿ ತರಲು ಸರದಿ, ದಿನಸಿ ಲೆಕ್ಕ ಬರೆಯಲು ಸರದಿ. ಒಬ್ಬ ತಪ್ಪಿಸಿಕೊಂಡರೆ ಎಲ್ಲರ ಲೆಕ್ಕವೂ ಏರುಪೇರಾಗುತ್ತದೆ. ಜಗಳ ಆಗುತ್ತಿತ್ತು, ಸಾರು ನೀರಾಗುತ್ತಿತ್ತು, ಕಳ್ಳ ಲೆಕ್ಕದ ಆರೋಪಗಳೂ ಬರುತ್ತಿದ್ದವು. ಆದರೂ ಅಲ್ಲಿ ಯಾರೂ ಬರೀ ಗಿರಾಕಿಯಾಗಿರಲಿಲ್ಲ. ಪಿ.ಜಿ. ಸೌಕರ್ಯ ಹೆಚ್ಚು ಕೊಡುತ್ತದೆ, ಪಾಲು ಕೊಡುವುದಿಲ್ಲ. ಹೊಸ ಊರಿನ ಮೊದಲ ವರ್ಷದಲ್ಲಿ ಸೌಕರ್ಯಕ್ಕಿಂತ ಪಾಲು ಮುಖ್ಯ ಎಂಬುದು ನನ್ನ ಪಕ್ಷ.

ಪಶ್ಚಿಮ ಬೆಂಗಳೂರಿನ ಈ ಬಡಾವಣೆಗಳು ಬೆಳೆದದ್ದೂ ಹೀಗೆ ಪಾಲು ಹಂಚಿಕೊಂಡೇ. ರಾಜಾಜಿನಗರ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡದ್ದು. ಸುತ್ತಮುತ್ತಲ ಗಿರಣಿ, ಕಾರ್ಖಾನೆಗಳಿಗೆ ತುಮಕೂರು, ಕುಣಿಗಲ್, ಮಾಗಡಿ ಕಡೆಯಿಂದ ಬಂದವರು ಪಾಳಿಯಲ್ಲಿ ದುಡಿದರು. ಪಾಳಿಯಲ್ಲಿ ಒಬ್ಬ ಕಡಿಮೆಯಾದರೆ ಪಕ್ಕದವನ ಮೇಲೆ ಹೊರೆ ಬೀಳುತ್ತಿತ್ತು, ಹಾಗಾಗಿ ಪಕ್ಕದವನು ವಿಚಾರಿಸಿಕೊಂಡು ಮನೆಗೇ ಬರುತ್ತಿದ್ದ. ಇವತ್ತು ಪಿ.ಜಿ. ನಡೆಸುವ ಎಷ್ಟೋ ಮನೆಗಳ ಹಿರಿಯರು ಹಾಗೆ ಬಂದವರೇ. ಬಂದವರಿಗೆ ಬಾಗಿಲು ತೆರೆಯುವುದನ್ನು ಅವರು ಉಪಕಾರವೆಂದು ತಿಳಿಯಬಾರದು. ಎರಡು ತಲೆಮಾರಿನ ಹಿಂದಿನ ಸಾಲದ ಮರುಪಾವತಿ ಅದು.

ಮೊದಲ ವರ್ಷದವರಿಗೆ ಕೊಡಲು ಪಾಲು ಎಲ್ಲಿದೆ ಎಂದು ಕೇಳಬಹುದು. ಕಣ್ಣೆದುರೇ ಇದೆ. ವಿಟಿಯು ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಎಂಬ ವಿಷಯಗಳಿವೆ. ಎರಡು ಗುಂಪು, ಎರಡು ಕೋಣೆ. ಒಂದು ಕೋಣೆಯಲ್ಲಿ ಯಾದಗಿರಿಯ ಹುಡುಗ ಕೂತಿದ್ದಾನೆ; ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಅವನು ಇಂಗ್ಲಿಷಿನ ಫಿಸಿಕ್ಸ್ ತರಗತಿಯಲ್ಲಿ ಬಾಯಿ ಬಿಡಲಾರ, ಬಿಟ್ಟರೆ ಅವನ ಕನ್ನಡಕ್ಕೂ ಇಲ್ಲಿಯ ಹುಡುಗರು ನಗುತ್ತಾರೆ. ಇನ್ನೊಂದು ಕೋಣೆಯಲ್ಲಿ ಪಟ್ನಾದ ಹುಡುಗಿ ಇದ್ದಾಳೆ, ಅಂಗಡಿಯಲ್ಲಿ ಹಾಲು ಕೇಳಲು ತಡವರಿಸುತ್ತಾಳೆ. ನಡುವಿನ ಗೋಡೆ ತೆಗೆದು, ವಾರಕ್ಕೊಂದು ಗಂಟೆ ಅವನು ಅವಳಿಗೆ ಮಾತು ಕಲಿಸಲಿ, ಅವಳು ಅವನಿಗೆ ಇಂಗ್ಲಿಷಿನ ಲ್ಯಾಬ್ ರೆಕಾರ್ಡ್ ಬರೆಯಲು ನೆರವಾಗಲಿ ಎಂದು ಒಂದು ಕಾಲೇಜು ಮನಸ್ಸು ಮಾಡಿದರೆ ಖರ್ಚು ಏನೂ ಇಲ್ಲ. ಅಂದಿನಿಂದ ಆ ಇಬ್ಬರಲ್ಲಿ ಒಬ್ಬರು ಬಾರದಿದ್ದರೆ ಇನ್ನೊಬ್ಬರಿಗೆ ಪಾಠ ನಿಲ್ಲುತ್ತದೆ.

ಇದರ ಅರ್ಥ ಊರನ್ನು ಮರೆಯಬೇಕೆಂದಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟಿನ ಕಾಸಿಗಾಗಿ ಹಬ್ಬದವರೆಗೆ ಕಾಯುತ್ತಿದ್ದ ಹುಡುಗಿಯರು ಈಗ ಶನಿವಾರ ಸ್ಯಾಟಲೈಟ್ ನಿಲ್ದಾಣದಲ್ಲಿ ಬಸ್ ಹತ್ತಿ ಮಂಡ್ಯಕ್ಕೋ ಚನ್ನಪಟ್ಟಣಕ್ಕೋ ಹೋಗಿ ಬರುತ್ತಾರೆ. ಪದೇ ಪದೇ ಊರಿಗೆ ಹೋದರೆ ಇಲ್ಲಿ ಒಗ್ಗುವುದಿಲ್ಲ ಎಂದು ಹಿರಿಯರು ಗದರುವುದನ್ನು ಕೇಳಿದ್ದೇನೆ. ಒಪ್ಪಲಾರೆ. ಎರಡು ಕಡೆಯೂ ತನ್ನನ್ನು ಕೇಳುವವರಿರುವ ಹುಡುಗಿ ಬಡವಳಾಗುವುದಿಲ್ಲ. ಊರಿನಲ್ಲಿ ಕೇಳುತ್ತಾರೆ, ಇಲ್ಲಿ ಕೇಳುವುದಿಲ್ಲ ಎಂಬುದಷ್ಟೇ ಅವಳನ್ನು ಪ್ರತಿ ವಾರ ಬಸ್ಸಿಗೆ ಹತ್ತಿಸುತ್ತಿದ್ದರೆ, ಆ ದೋಷ ಇಲ್ಲಿಯದು.

ಎಐಸಿಟಿಇ ಮೊದಲ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮವನ್ನು ಗೊತ್ತುಮಾಡಿದೆ. ಭಾಷಣ, ಯೋಗ, ಆಟ, ಗುಂಪು ಚರ್ಚೆ ಎಲ್ಲವೂ ಅದರಲ್ಲಿ ಇರಬಹುದು, ಇರಲಿ. ನಾನು ಕೇಳುವುದು ನಾಲ್ಕನೇ ವಾರವನ್ನು. ಸ್ವಾಗತದ ಬ್ಯಾನರು ಇಳಿದು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಶುರುವಾದ ಆ ಸೋಮವಾರ ಪ್ರತಿ ವಿದ್ಯಾರ್ಥಿಯ ಕೈಯಲ್ಲಿ ಒಂದು ಜವಾಬ್ದಾರಿ ಇರಬೇಕು: ಗ್ರಂಥಾಲಯದ ಒಂದು ಕಪಾಟು, ಲ್ಯಾಬಿನ ಒಂದು ಉಪಕರಣ, ಮೆಸ್ಸಿನ ಒಂದು ದಿನ, ಭಾಷೆ ಕಲಿಸಬೇಕಾದ ಒಬ್ಬ ಗೆಳತಿ. ಜೊತೆಗೆ, ಆ ಕೆಲಸ ಆಗದೇ ಹೋದ ದಿನ ಅಪ್ಪನ ಫೋನಿಗೆ ಸಂದೇಶ ಕಳಿಸುವ ಮೊದಲು ಪಿ.ಜಿ.ಯ ಮೆಟ್ಟಿಲು ಹತ್ತಿ ಬಂದು ವಿಚಾರಿಸಬೇಕಾದ ಒಬ್ಬ ಸೀನಿಯರ್, ಒಬ್ಬ ಮೇಷ್ಟ್ರು.