ಇಂದಿನ ಚಿಂತನೆ: ಕಾಯುವುದು ಮತ್ತು ಕಾಯಿಸುವುದು





ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಪಾರಮಿತೆಗಳ ಪಾಠ ನಡೆಯುತ್ತಿತ್ತು. ಪಿಯುಸಿ ಓದುವ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಖಂತಿ ಅಂದ್ರೆ ತಾಳ್ಮೆ ಅಂತೀರಿ. ತಾಳ್ಮೆ ಅಂದ್ರೆ ಕಾಯೋದು. ನಮ್ಮವರನ್ನ ಸಾವಿರಾರು ವರ್ಷದಿಂದ ಕಾಯಿಸಿಕೊಂಡೇ ಬಂದಿದ್ದಾರೆ. ಬುದ್ಧನೂ ಕಾಯಿರಿ ಅಂತಾನೇ ಹೇಳ್ತಾನಾ?" ಯಾರಿಗೂ ಸರಿಯಾದ ಉತ್ತರ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಮನೆಗೆ ಬರುವಾಗ ಹೊರಮಾವಿನ ಅಂಡರ್‌ಪಾಸ್ ಬಳಿ ಟ್ರಾಫಿಕ್ಕಿನಲ್ಲಿ ನಿಂತಿದ್ದೆ. ಆಗ ನೆನಪಾದದ್ದು ಯಾವ ಸುತ್ತವೂ ಅಲ್ಲ, ಒಂದು ಸಿನಿಮಾ. ನಗಬೇಡಿ.

1996ರ ಏಪ್ರಿಲ್ 14ರ ರಾತ್ರಿ. ನಾನು ಎಂಟನೇ ಕ್ಲಾಸು ಮುಗಿಸಿದ್ದೆ. ಹೊರಮಾವು ಆಗ ಇನ್ನೂ ಹಳ್ಳಿಯೇ. ಬಾಬಾಸಾಹೇಬರ ಜಯಂತಿಯ ರಾತ್ರಿ ನಮ್ಮ ಕಾಲೋನಿಯಲ್ಲಿ ಕಲರ್ ಟಿವಿ ಮತ್ತು ವಿಸಿಪಿ ಬಾಡಿಗೆಗೆ ತಂದು, ಬೀದಿಯಲ್ಲಿ ಮೇಜು ಹಾಕಿ, ಬೆಳಗಾಗುವವರೆಗೆ ಪಿಚ್ಚರ್ ಹಾಕುವುದು ಪದ್ಧತಿ. ರಾತ್ರಿಗೆ ಮೂರು ಕ್ಯಾಸೆಟ್. ಮೊದಲನೆಯದು ರಾಜ್‌ಕುಮಾರ್ ಅವರದು, ಅದರಲ್ಲಿ ಚರ್ಚೆಯೇ ಇಲ್ಲ. ಎರಡನೆಯದು ತಮಿಳು. ಆ ವರ್ಷ ಮೂರನೆಯದು 'ಜುರಾಸಿಕ್ ಪಾರ್ಕ್'.

ಆ ಚಿತ್ರ ಅಮೆರಿಕದಲ್ಲಿ ಬಂದದ್ದು 1993ರಲ್ಲಿ. ಮರುವರ್ಷ ನಮ್ಮ ದೇಶಕ್ಕೆ ಬಂತು, ಹಿಂದಿಯಲ್ಲಿ ಡಬ್ ಆಗಿ ದೊಡ್ಡ ಹೆಸರು ಮಾಡಿತು. ಕಂಟೋನ್ಮೆಂಟಿನ ಥಿಯೇಟರುಗಳು ನಮ್ಮಿಂದ ದೂರವೇನಲ್ಲ. ಆದರೆ ಬಸ್ಸಿನ ದುಡ್ಡು, ಟಿಕೆಟ್ಟಿನ ದುಡ್ಡು, ಅದಕ್ಕಿಂತ ಹೆಚ್ಚಾಗಿ ಅಲ್ಲಿಗೆ ಹೋಗಲು ಬೇಕಾದ ಧೈರ್ಯ, ಇವೆಲ್ಲ ದೂರ ಇದ್ದವು. ಹಾಗಾಗಿ ಕ್ಯಾಸೆಟ್ ಬರಲಿ ಎಂದು ಕಾದೆವು. ಎರಡು ವರ್ಷ ಕಾದ ಮೇಲೆ ಬಂದದ್ದು ಹಿಂದಿಯ ಕ್ಯಾಸೆಟ್.

ನಮ್ಮ ಕಡೆ ತಮಿಳು, ತೆಲುಗು ಬಾರದವರು ಕಡಿಮೆ. ಹಿಂದಿ ಮಾತ್ರ ಯಾರಿಗೂ ಬಾರದು. ಬರುತ್ತಿದ್ದದ್ದು ಒಬ್ಬರಿಗೇ. ಲಾರಿ ಓಡಿಸುತ್ತಿದ್ದ ಅವರನ್ನು ಎಲ್ಲರೂ ನಾಗಪುರದಣ್ಣ ಎನ್ನುತ್ತಿದ್ದರು. ಕಾಲೋನಿಗೆ ದೀಕ್ಷಾಭೂಮಿಯ ಫೋಟೊ ಮೊದಲು ತಂದವರು ಅವರೇ. ಅಣ್ಣ ಟಿವಿ ಪಕ್ಕ ಸ್ಟೂಲ್ ಹಾಕಿಕೊಂಡು, ಬೀಡಿ ಆರಿಸಿ, ಕನ್ನಡದಲ್ಲಿ ಹೇಳುತ್ತಾ ಹೋದರು. "ಹಳೇ ಕಾಲದಲ್ಲಿ ಒಂದು ಸೊಳ್ಳೆ ಆ ಪ್ರಾಣಿ ರಕ್ತ ಕುಡಿದು ಹೋಗ್ತಾ ಮರದ ಅಂಟಲ್ಲಿ ಸಿಕ್ಕಾಕ್ಕೊಂಡಿತ್ತು. ಆ ರಕ್ತದಿಂದ ಬಿತ್ತನೆ ತೆಗೆದವ್ರೆ. ಎಲ್ಲೆಲ್ಲಿ ತೂತಿತ್ತೋ ಅಲ್ಲಿ ಕಪ್ಪೆದು ತೇಪೆ ಹಾಕವ್ರೆ." ಆಮೇಲೆ ವಿಜ್ಞಾನ ಓದಿದಾಗ ನೋಡಿದೆ, ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಕೆಲವು ಕಡೆ ಅವರಿಗೂ ಅರ್ಥವಾಗದೆ ಸ್ವಂತದ್ದು ಸೇರಿಸಿದರು. ಗಣಿತದ ಮೇಷ್ಟ್ರ ಪಾತ್ರದ ಬಾಯಲ್ಲಿ ಎರಡು ಬೈಗುಳವೂ ಬಂದವು.

ನಮ್ಮಜ್ಜಿ ಮಾಗಡಿ ಕಡೆಯಿಂದ ಬಂದವಳು, ಕನ್ನಡ ಬಿಟ್ಟರೆ ಬೇರೆ ತಿಳಿಯದು. ಕಂಬಳಿ ಹೊದ್ದು ಕೊನೆಯವರೆಗೂ ಕೂತಿದ್ದಳು. ಕರೆಂಟಿನ ಬೇಲಿ ಮುರಿದು ಆ ದೊಡ್ಡ ಪ್ರಾಣಿ ಹೊರಗೆ ಬಂದಾಗ ಮಕ್ಕಳೆಲ್ಲ ಕಿರುಚಿದೆವು. ಅಜ್ಜಿ ಕಿರುಚಲಿಲ್ಲ. "ಅದೇನ್ ತಾನಾಗೇ ಬಂತಾ? ಇವರೇ ಹುಟ್ಟಿಸಿ, ಇವರೇ ಬೇಲಿ ಹಾಕಿ, ಇವರೇ ಕೆಟ್ಟದ್ದು ಅಂತಾರೆ" ಅಂದಳು. ನಾಗಪುರದಣ್ಣ ಒಂದು ಗಳಿಗೆ ಸುಮ್ಮನಾಗಿ, "ಹೌದಲ್ಲಮ್ಮ" ಅಂದರು.

ಎಂಎ ಓದುವಾಗ ನಾನು ಆ ರಾತ್ರಿಯನ್ನು ಮರೆತಿದ್ದೆ. ಕನ್ನಡ ಎಂಎ ಎಂದ ಮೇಲೆ ಡಬ್ಬಿಂಗ್ ವಿರೋಧಿಸದಿದ್ದರೆ ಹೇಗೆ? ಭಾಷಣ ಸ್ಪರ್ಧೆಯಲ್ಲಿ ವಿರೋಧದ ಪರ ಮಾತಾಡಿ ಬಹುಮಾನವನ್ನೂ ತೆಗೆದುಕೊಂಡಿದ್ದೇನೆ. ಆ ಪರ ಹೇಳುವುದಕ್ಕೆ ನಿಜವಾದ ಕಾರಣಗಳು ಇದ್ದವು, ಈಗಲೂ ಅದನ್ನು ಅಲ್ಲಗಳೆಯುವುದಿಲ್ಲ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಅವರಂಥವರು ಬೀದಿಗಿಳಿದಾಗ ಬೆಂಗಳೂರಿನಲ್ಲಿ ಕನ್ನಡ ಚಿತ್ರಕ್ಕೆ ಥಿಯೇಟರ್ ಸಿಗುವುದೇ ಕಷ್ಟವಿತ್ತು. ಬೇರೆ ಭಾಷೆಯ ಚಿತ್ರಕ್ಕೆ ಕನ್ನಡದ ದನಿ ಅಂಟಿಸಿ ಬಿಟ್ಟರೆ ಇಲ್ಲಿನ ನಟರು, ಲೈಟ್ ಹುಡುಗರು, ವಾದ್ಯದವರು ಏನು ಮಾಡಬೇಕು? ಅವರೂ ಬಡವರೇ. ಡಬ್ಬಿಂಗ್ ನಿಂತದ್ದರಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ.

ಆದರೆ ಒಂದು ವಿಷಯ ಗಮನಿಸಿ. ಡಬ್ಬಿಂಗ್ ಬಾರದು ಎಂದು ಯಾವ ಕಾನೂನೂ ಇರಲಿಲ್ಲ. ವಿಧಾನಸೌಧದಲ್ಲಿ ಅಂಥದ್ದೊಂದು ಮಸೂದೆ ಪಾಸಾಗಿರಲಿಲ್ಲ. ಅದು ಕಟ್ಟುಪಾಡು. ಬರೆಯದ ಕಟ್ಟುಪಾಡು ಎಷ್ಟು ಗಟ್ಟಿ ಇರುತ್ತದೆ ಎಂದು ಈ ಬಳಗದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. 2012ರಲ್ಲಿ 'ಸತ್ಯಮೇವ ಜಯತೆ' ಟಿವಿಯಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಬಂತು, ಕನ್ನಡದಲ್ಲಿ ಬರಲು ಬಿಡಲಿಲ್ಲ. ಅದರಲ್ಲಿ ಅಸ್ಪೃಶ್ಯತೆಯ ಬಗ್ಗೆಯೇ ಒಂದು ಸಂಚಿಕೆ ಇತ್ತು. ಕೊನೆಗೆ ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಹೀಗೆ ತಡೆಯುವುದು ಕಾಯ್ದೆಗೆ ವಿರುದ್ಧ ಎಂದು ಹೇಳಬೇಕಾಯಿತು.

ಈ ಐವತ್ತು ವರ್ಷ ಕಾದವರು ಯಾರು? ಇಂಗ್ಲಿಷ್ ಬಲ್ಲ ಕನ್ನಡಿಗ ಒಂದು ದಿನವೂ ಕಾಯಲಿಲ್ಲ. 1977ರ 'ಸ್ಟಾರ್ ವಾರ್ಸ್', 1982ರ 'ಇ.ಟಿ.', 1984ರ 'ಟರ್ಮಿನೇಟರ್', ಎಲ್ಲವನ್ನೂ ಅವನು ಥಿಯೇಟರಿನಲ್ಲಿ ನೋಡಿದ, ಇಲ್ಲವೇ ಕ್ಯಾಸೆಟ್ ತಂದು ಮನೆಯಲ್ಲಿ ನೋಡಿದ. ಹಿಂದಿ ಬಲ್ಲವನಿಗೂ ದಾರಿ ಇತ್ತು. ಕನ್ನಡ ಒಂದೇ ಗೊತ್ತಿದ್ದ, ಶಾಲೆ ಕಾಣದ ನಮ್ಮಜ್ಜಿಯಂಥವರಿಗೆ ಮಾತ್ರ ಬೇಲಿ. ಕನ್ನಡದ ಹೆಸರಿನಲ್ಲಿ ಹಾಕಿದ ಬೇಲಿ ಬರೀ ಕನ್ನಡದವರನ್ನೇ ತಡೆಯಿತು. ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದ ನನಗೆ ಇದು ಹೊಳೆಯಲಿಲ್ಲ, ಏಕೆಂದರೆ ಅಷ್ಟರಲ್ಲಿ ನನಗೆ ಇಂಗ್ಲಿಷ್ ಬರುತ್ತಿತ್ತು.

ಬೇಲಿಯ ಒಳಗೆ ಬೆಳೆ ಬರುತ್ತದೆ ಎಂಬ ಮಾತೂ ಇತ್ತು. ಬೇರೆ ಬಗೆಯ ಚಿತ್ರಗಳಲ್ಲಿ ಬಂತು, ಒಪ್ಪೋಣ. ವೈಜ್ಞಾನಿಕ ಕಥೆಗಳಲ್ಲಿ? 1968ರ 'ಜೇಡರ ಬಲೆ'ಯಲ್ಲಿ ಲೋಹವನ್ನು ಚಿನ್ನ ಮಾಡುವ ಸೂತ್ರವೊಂದಿದೆ. 2002ರ 'ಹಾಲಿವುಡ್'ನಲ್ಲಿ ಉಪೇಂದ್ರ ರೋಬೋಟ್ ಆಗಿದ್ದಾರೆ. ಬೆರಳೆಣಿಕೆ. ಪುಸ್ತಕದಲ್ಲಿ ರಾಜಶೇಖರ ಭೂಸನೂರಮಠರು ಜೀವನವಿಡೀ ಬರೆದರು. ಆದರೆ ಅಜ್ಜಿಗೆ ಅಕ್ಷರ ಬಾರದಲ್ಲ.

ಬಳಗದಲ್ಲಿ ಕೆಲವರು ಕೇಳಬಹುದು: ಸಿನಿಮಾ ನೋಡದಿದ್ದರೆ ಏನಾಯಿತು, ಕುಡಿಯುವ ನೀರೇ? ನ್ಯಾಯವಾದ ಪ್ರಶ್ನೆ. ನೀರಿಗೂ ಸಿನಿಮಾಕ್ಕೂ ಸಮ ಕಟ್ಟುವುದಿಲ್ಲ, ಡಬ್ಬಿಂಗ್ ಬೇಡ ಎಂದವರನ್ನು ಕೆರೆ ಮುಚ್ಚಿದವರ ಸಾಲಿನಲ್ಲಿ ನಿಲ್ಲಿಸುವುದೂ ಇಲ್ಲ. ಆದರೂ 1927ರ ಮಹಾಡ್ ನೆನೆಯಿರಿ. ಚವದಾರ್ ಕೆರೆಯ ನೀರು ಕುಡಿದರೆ ನಾವೇನೂ ಅಮರರಾಗುವುದಿಲ್ಲ, ಕುಡಿಯದೆಯೂ ಇಷ್ಟು ಕಾಲ ಬದುಕಿದ್ದೇವೆ ಎಂಬ ಅರ್ಥದ ಮಾತನ್ನು ಬಾಬಾಸಾಹೇಬರೇ ಅಲ್ಲಿ ಆಡಿದ್ದಾರೆ. ಅಗತ್ಯ ಎಷ್ಟು ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಅದನ್ನು ತೀರ್ಮಾನಿಸುವವರು ಯಾರು ಎಂಬುದು ಮುಖ್ಯವಾಗಿತ್ತು. ನಿನಗೆ ಇದು ಬೇಕಿಲ್ಲ ಎಂದು ಇನ್ನೊಬ್ಬ ಹೇಳುವಂತಿಲ್ಲ.

ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಬ್ರಾಹ್ಮಣ ಕುಲದಿಂದ ಬಂದ, ಮಾತು ಚೆನ್ನಾಗಿ ಬಲ್ಲ ಇಬ್ಬರು ಅಣ್ಣತಮ್ಮ ಬಿಕ್ಖುಗಳು ಬುದ್ಧನ ಬಳಿ ದೂರು ತರುತ್ತಾರೆ. ಬೇರೆ ಬೇರೆ ಕುಲ, ಬೇರೆ ಬೇರೆ ಊರುಗಳಿಂದ ಸಂಘಕ್ಕೆ ಸೇರಿದವರು ತಮ್ಮ ತಮ್ಮ ಮಾತಿನಲ್ಲಿ ಬುದ್ಧವಚನವನ್ನು ಹೇಳಿ ಕೆಡಿಸುತ್ತಿದ್ದಾರೆ, ಅಪ್ಪಣೆಯಾದರೆ ಅದನ್ನು ಛಂದಸ್ಸಿಗೆ ಏರಿಸುತ್ತೇವೆ ಎನ್ನುತ್ತಾರೆ. ಅವರ ಉದ್ದೇಶ ಕೆಟ್ಟದ್ದಲ್ಲ, ಮಾತು ಶುದ್ಧವಾಗಿರಲಿ ಎಂದೇ. ಬುದ್ಧ ಅವರನ್ನು ಗದರಿಸುತ್ತಾನೆ. ಅವರವರ ಮಾತಿನಲ್ಲೇ ಕಲಿಯಲಿ ಎಂದು ಅಪ್ಪಣೆ ಕೊಡುತ್ತಾನೆ. ಪಂಡಿತರು ಈ ಸಾಲಿಗೆ ಬೇರೆ ಬೇರೆ ಅರ್ಥ ಮಾಡಿದ್ದಾರೆ. ನನಗೆ ಇಷ್ಟು ಸಾಕು. ಮೂಲ ಚಿತ್ರವನ್ನು ಮೂಲ ದನಿಯಲ್ಲೇ ನೋಡಬೇಕು, ಡಬ್ಬಿಂಗ್ ಕೇಳಲಾಗದು ಎಂದು ಮೂಗು ಮುರಿಯುವ ಗೆಳತಿಯರು ನನಗೂ ಇದ್ದಾರೆ. ನಾನೂ ಹಾಗೆಯೇ ನೋಡುತ್ತೇನೆ. ಆದರೆ ಅಂದು ನಾಗಪುರದಣ್ಣ ತೇಪೆ ಹಾಕಿ ಹೇಳದಿದ್ದರೆ ಅಜ್ಜಿಯ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ದೊಡ್ಡ ಹಲ್ಲಿಯೊಂದನ್ನು ನೋಡಿ ಮಲಗುತ್ತಿದ್ದಳು.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಖಂತಿಯನ್ನು ವಿವರಿಸುವಾಗ, ದ್ವೇಷಕ್ಕೆ ದ್ವೇಷವನ್ನು ಎದುರಿಡದಿರುವುದೇ ಅದರ ತಿರುಳು ಎಂಬ ಅರ್ಥ ಕೊಡುತ್ತಾರೆ. ಸರದಿ ಬರುವವರೆಗೆ ಬಾಗಿಲ ಹೊರಗೆ ಕೂತಿರು ಎಂದು ಅಲ್ಲಿಲ್ಲ. 1935ರ ಅಕ್ಟೋಬರ್ 13ರಂದು ಯೇವಲದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದವರು, ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ಇಪ್ಪತ್ತೊಂದು ವರ್ಷ. ಅದೂ ಕಾಯುವುದೇ. ಆದರೆ ಆ ಗಡಿಯಾರ ಅವರ ಕೈಯಲ್ಲಿತ್ತು. ಓದುತ್ತಾ, ಅಳೆಯುತ್ತಾ, ಬರೆಯುತ್ತಾ ಕಾದರು. ಅಜ್ಜಿಯ ಗಡಿಯಾರ ಬೇರೆಯವರ ಕೈಯಲ್ಲಿತ್ತು. ತಮ್ಮಾ, ಈ ಎರಡಕ್ಕೂ ನಾವು ಒಂದೇ ಮಾತು ಬಳಸುವುದರಿಂದ ಗೊಂದಲವಾಗುತ್ತದೆ. ನೀನು ಕಾಯುವಾಗ ನಿನ್ನೊಳಗೆ ಏನು ನಡೆಯುತ್ತಿದೆ ಎಂದು ನೋಡಿಕೊಳ್ಳುವುದು ಖಂತಿ. ನಿನ್ನನ್ನು ಯಾರಾದರೂ ಕಾಯಿಸುತ್ತಿದ್ದರೆ, ಯಾಕೆ ಎಂದು ಕೇಳುವುದಕ್ಕೆ ಅದು ಅಡ್ಡಿಯಲ್ಲ. ದ್ವೇಷವಿಲ್ಲದೆ ಕೇಳು, ಅಷ್ಟೇ. ನಾನು ಆಗ ಕೇಳಲಿಲ್ಲ, ಕಾಯಿಸುವವರ ಕಡೆ ನಿಂತು ಚಪ್ಪಾಳೆ ತೆಗೆದುಕೊಂಡೆ. ಅದು ಇಂದಿಗೂ ಚುಚ್ಚುತ್ತದೆ.

2020ರಲ್ಲಿ, ಆ ಕೊರೋನಾ ವರ್ಷ, ಜೀ ಕನ್ನಡದಲ್ಲಿ 'ಮಹಾನಾಯಕ' ಬಂತು. ಹಿಂದಿಯಿಂದ ಡಬ್ ಆದದ್ದು. ಊರೂರಿನಲ್ಲಿ ಧಾರಾವಾಹಿಗೆ ಫ್ಲೆಕ್ಸ್ ಕಟ್ಟಿದರು, ನಿಲ್ಲಿಸಿ ಎಂದು ಬೆದರಿಕೆ ಕರೆಗಳೂ ಬಂದವು. ಪುಟ್ಟ ಭೀಮ ಕನ್ನಡದಲ್ಲಿ ಮಾತಾಡುವುದನ್ನು ನೋಡಿ ನಮ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತುಟಿಗೂ ಮಾತಿಗೂ ಹೊಂದುತ್ತಿರಲಿಲ್ಲ, ಅಮ್ಮ ಅದನ್ನು ಗಮನಿಸಲೇ ಇಲ್ಲ. ಅಜ್ಜಿ ಅಷ್ಟೊತ್ತಿಗೆ ತೀರಿಕೊಂಡು ಹನ್ನೊಂದು ವರ್ಷ. 2022ರ ಡಿಸೆಂಬರಿನಲ್ಲಿ 'ಅವತಾರ್'ನ ಎರಡನೇ ಭಾಗ ಥಿಯೇಟರಿಗೆ ಕನ್ನಡದಲ್ಲೂ ಬಂತು. ಹಳೆಯವುಗಳ ಸರದಿ ಇನ್ನೂ ಬಂದಂತಿಲ್ಲ. ಕಳೆದ ತಿಂಗಳು ಮೊಬೈಲಿನಲ್ಲಿ 'ಜುರಾಸಿಕ್ ಪಾರ್ಕ್' ಹುಡುಕಿದೆ. ಭಾಷೆಗಳ ಪಟ್ಟಿಯಲ್ಲಿ ಹಿಂದಿ, ತಮಿಳು, ತೆಲುಗು ಇದ್ದವು. ಕನ್ನಡ ಇರಲಿಲ್ಲ.

ಹಾಗಾಗಿ ಒಂದು ಶನಿವಾರ ಶಾಲೆಯ ಟಿವಿಗೆ ಫೋನ್ ಜೋಡಿಸಿ, ಹಿಂದಿಯಲ್ಲೇ ಹಾಕಿ, ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತೆ. ನಮ್ಮ ಏಳನೇ ಕ್ಲಾಸಿನಲ್ಲಿ ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಹೆಚ್ಚು. ಇಬ್ಬರು ಬಿಹಾರದವರು. ಸೊಳ್ಳೆಯ ಕಥೆಯನ್ನು ಅಣ್ಣನ ಮಾತಿನಲ್ಲೇ ಹೇಳಿದೆ, ಮಕ್ಕಳು ನಕ್ಕರು. ಹತ್ತು ನಿಮಿಷವಾಗಿರಬೇಕು, ಬಿಹಾರದ ಹುಡುಗಿ ಕೈ ಎತ್ತಿದಳು. ಮೂರು ವರ್ಷದ ಹಿಂದೆ ಬಂದಾಗ ಅವಳಿಗೆ ಕನ್ನಡದ ಒಂದಕ್ಷರ ಗೊತ್ತಿರಲಿಲ್ಲ.

"ಮಿಸ್, ಅವನು ಹಂಗೆ ಹೇಳಿಲ್ಲ. ನೀವು ತಪ್ಪು ಹೇಳ್ತಿದೀರಾ."

"ಹಾಗಾದರೆ ನೀನೇ ಬಾ" ಎಂದು ಸ್ಟೂಲ್ ಬಿಟ್ಟುಕೊಟ್ಟೆ. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಯಾದಗಿರಿಯ ಹುಡುಗರ ಮಧ್ಯೆ ಕೂತೆ. ಅವಳು ಜಡೆ ಹಿಂದಕ್ಕೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು.

ಭವತು ಸಬ್ಬ ಮಂಗಳಂ.