ಉದ್ಯಾನ ನಿರ್ಮಾಪಕನ ದೂರದೃಷ್ಟಿ

ಅಕ್ಕಸಾಲಿಗನು ಒಡವೆಯನ್ನು ಮಾಡಿ ಒಪ್ಪಿಸಿದ ದಿನವೇ ಅದು ಪೂರ್ಣವಾಗಿರುತ್ತದೆ. ನೇಕಾರನ ಸೀರೆಯೂ ಹಾಗೆಯೇ, ಬಡಗಿಯ ಬಾಗಿಲೂ ಹಾಗೆಯೇ. ಕೊಳ್ಳುವವನು ಅದನ್ನು ಮುಟ್ಟಿ ನೋಡಿ, ಬೆಳಕಿಗೆ ಹಿಡಿದು ಪರೀಕ್ಷಿಸಿ, ಮನಸ್ಸಿಗೆ ಒಪ್ಪಿದರೆ ಹಣ ಕೊಟ್ಟು ಒಯ್ಯಬಹುದು. ಉದ್ಯಾನಗಳನ್ನು ನಿರ್ಮಿಸಿಕೊಡುವುದನ್ನೇ ಜೀವನೋಪಾಯವಾಗಿ ಕೈಕೊಂಡವನ ಸ್ಥಿತಿ ಬೇರೆ. ಅವನು ಹಣ ಎಣಿಸಿಕೊಳ್ಳುವ ದಿನ ಅವನ ಕೃತಿ ಇನ್ನೂ ಹುಟ್ಟಿರುತ್ತದೆ ಅಷ್ಟೆ. ಮೊಳಕಾಲೆತ್ತರದ ಸಂಪಿಗೆ ಸಸಿಯು ನೆರಳು ಕೊಡುವ ಹೊತ್ತಿಗೆ ನೆಟ್ಟವನು ಎಲ್ಲಿಯೋ, ನೆಡಿಸಿದವನು ಎಲ್ಲಿಯೋ. ಹೀಗಿರುವಾಗ, ತಾನು ಇರಲಾರದ ಕಾಲಕ್ಕೆ ಅವನು ಎಷ್ಟರಮಟ್ಟಿಗೆ ಹೊಣೆಗಾರನು? ಈ ಪ್ರಶ್ನೆ ಒಂದು ಕಸುಬಿಗೆ ಸೇರಿದುದಾಗಿ ತೋರಿದರೂ ವಿಚಾರವಂತರು ನಿಂತು ಯೋಚಿಸಬೇಕಾದಂಥದು.

ನಮ್ಮ ನಗರಗಳಲ್ಲಿ ಲ್ಯಾಂಡ್‌ಸ್ಕೇಪ್ ಕೆಲಸವೆಂಬ ಹೆಸರಿನಿಂದ ಬೆಳೆದಿರುವ ಈ ಉದ್ಯಮದಲ್ಲಿ ದೂರದೃಷ್ಟಿಯ ಮಾತು ಆಗಾಗ ಕೇಳಿಬರುತ್ತದೆ. ಹತ್ತು ವರ್ಷಗಳಲ್ಲಿ ಎಷ್ಟು ಲಾರಿಗಳಾಗಬೇಕು, ಎಷ್ಟು ಎಕರೆ ನರ್ಸರಿಯಾಗಬೇಕು, ಎಷ್ಟು ಊರುಗಳಲ್ಲಿ ಕಚೇರಿ ತೆರೆಯಬೇಕು ಎಂಬ ಲೆಕ್ಕವನ್ನೇ ಅನೇಕರು ಆ ಹೆಸರಿನಿಂದ ಕರೆಯುತ್ತಾರೆ. ಲೆಕ್ಕ ಬೇಡವೆಂದು ಯಾರೂ ಹೇಳಲಾರರು. ಆದರೆ ಅದರಲ್ಲಿ ಕಾಣುವುದು ಯಜಮಾನನ ಬೆಳವಣಿಗೆ ಮಾತ್ರ. ಮರದ ಬೆಳವಣಿಗೆಯನ್ನು ಅದರಲ್ಲಿ ಹುಡುಕಿದರೂ ಸಿಗದು.

ಈ ಉದ್ಯಮದಲ್ಲಿ ಬಹು ದೂರ ನೋಡಿದವನೆಂದು ಪ್ರಸಿದ್ಧನಾದವನು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಲ್ಯಾನ್ಸ್‌ಲಾಟ್ ಬ್ರೌನ್. 1716ರಲ್ಲಿ ನಾರ್ತಂಬರ್‌ಲೆಂಡಿನ ಒಂದು ಹಳ್ಳಿಯಲ್ಲಿ ಹುಟ್ಟಿ, 1741ರಲ್ಲಿ ಸ್ಟೋ ಎಂಬಲ್ಲಿಯ ದೊಡ್ಡ ಉದ್ಯಾನಕ್ಕೆ ಮುಖ್ಯ ಮಾಲಿಯಾಗಿ, ಹತ್ತು ವರ್ಷಗಳ ಅನಂತರ ಲಂಡನ್ನಿನ ಬಳಿ ನೆಲೆಸಿ ಸ್ವಂತ ಉದ್ಯಮವನ್ನು ಆರಂಭಿಸಿದನು. ಯಾವ ನೆಲವನ್ನು ಕಂಡರೂ ಇದಕ್ಕೆ ಒಳ್ಳೆಯ ‘ಕೇಪಬಿಲಿಟಿ’ ಇದೆ, ಅಂದರೆ ಆಗಬಲ್ಲ ಶಕ್ತಿ ಇದೆ, ಎನ್ನುತ್ತಿದ್ದುದರಿಂದ ಅದೇ ಅವನಿಗೆ ಅಡ್ಡಹೆಸರಾಯಿತು. 150ಕ್ಕೂ ಹೆಚ್ಚು ಎಸ್ಟೇಟುಗಳಲ್ಲಿ ಅವನು ಕೆಲಸಮಾಡಿದನು. ಬ್ಲೆನಿಮ್ ಅರಮನೆಯ ಮುಂದೆ ಹರಿಯುತ್ತಿದ್ದ ಸಣ್ಣ ನದಿಗೆ ಅಣೆಕಟ್ಟಿ ಸರೋವರವನ್ನು ನಿರ್ಮಿಸಿದವನು ಅವನೇ. ಕರಾರು ಬರೆದುಕೊಂಡು, ಕಂತುಗಳಲ್ಲಿ ಹಣ ಪಡೆದು, ಊರೂರುಗಳಲ್ಲಿ ಮೇಸ್ತ್ರಿಗಳನ್ನಿಟ್ಟು ಕೆಲಸ ಮಾಡಿಸಿದ ವ್ಯವಹಾರಸ್ಥನು ಅವನು. ಅವನ ಲೆಕ್ಕದ ಪುಸ್ತಕವೊಂದು ಇಂದಿಗೂ ಉಳಿದಿದೆ.

ಅವನ ವಿಧಾನದಲ್ಲಿ ನಮ್ಮ ರೈತರು ಕೂಡಲೇ ಗುರುತಿಸಬಲ್ಲ ಒಂದು ಅಂಶವಿತ್ತು. ನಿಧಾನವಾಗಿ ಬೆಳೆಯುವ ಓಕ್, ಬೀಚ್ ಸಸಿಗಳ ನಡುವೆ ಬೇಗ ಬೆಳೆಯುವ ಪೈನ್ ಜಾತಿಯ ಮರಗಳನ್ನು ಆಸರೆಗಾಗಿ ನೆಡಿಸುವುದು. ದೊಡ್ಡ ಮರಗಳು ನೆಲೆಯೂರಿದ ಮೇಲೆ ಆಸರೆಯ ಮರಗಳನ್ನು ಕಡಿದು ತೆಗೆಯುವುದು. ಮಲೆನಾಡಿನಲ್ಲಿ ಎಳೆಯ ಅಡಿಕೆ ಸಸಿಗೆ ಬಾಳೆಯ ನೆರಳನ್ನು ಕೊಡುವವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಬಾಳೆ ಇಂದಿನ ಊಟ, ಅಡಿಕೆ ನಾಳಿನದು. ಬ್ರೌನನು 1783ರಲ್ಲಿ ತೀರಿಕೊಂಡಾಗ ಅವನು ನೆಡಿಸಿದ ಓಕ್ ಮರಗಳು ಇನ್ನೂ ಎಳೆಯವು. ಅವನ ಮನಸ್ಸಿನಲ್ಲಿದ್ದ ಚಿತ್ರವನ್ನು ಕಣ್ಣಾರೆ ಕಂಡವರು ಅವನ ಗಿರಾಕಿಗಳ ಮೊಮ್ಮಕ್ಕಳು.

ಇಷ್ಟಕ್ಕೇ ನಿಂತರೆ ಅವನನ್ನು ಹೊಗಳಿ ಮುಗಿಸಬಹುದು. ಆದರೆ ಡಾರ್ಸೆಟ್ ಪ್ರಾಂತದ ಮಿಲ್ಟನ್ ಅಬಾಸ್ ಎಂಬ ಊರಿನ ವೃತ್ತಾಂತವನ್ನು ಮರೆಯುವುದು ನ್ಯಾಯವಲ್ಲ. ಅಲ್ಲಿಯ ಪ್ರಭುವಿಗೆ ತನ್ನ ಮನೆಯ ಪಕ್ಕದಲ್ಲಿದ್ದ ಹಳೆಯ ಪೇಟೆ ನೋಟಕ್ಕೆ ಅಡ್ಡಿಯೆನಿಸಿತು. ಮನೆಗಳನ್ನು ಒಂದೊಂದಾಗಿ ಕೆಡವಿಸಿದನು; ಸಂತೆ ಹೋಯಿತು, ಶಾಲೆ ಬೇರೆ ಊರಿಗೆ ಹೋಯಿತು, ಒಂದಷ್ಟು ಜನರಿಗೆ ಗುಡ್ಡದ ಮರೆಯಲ್ಲಿ ಹೊಸ ಹಳ್ಳಿಯೊಂದನ್ನು 1780ರ ಸುಮಾರಿಗೆ ಕಟ್ಟಿಕೊಡಲಾಯಿತು. ಆ ಎಸ್ಟೇಟಿನ ಭೂದೃಶ್ಯದ ಕೆಲಸದಲ್ಲಿ ಬ್ರೌನನಿದ್ದನು. ನೂರು ವರ್ಷ ಮುಂದಿನ ಓಕ್ ಮರವನ್ನು ಕಾಣಬಲ್ಲ ಕಣ್ಣಿಗೆ ಎದುರಿಗಿದ್ದ ಹೊಸ್ತಿಲುಗಳು ಕಾಣಲಿಲ್ಲವೆಂದರೆ ಏನು ಹೇಳೋಣ? ದೃಷ್ಟಿಯು ದೂರಕ್ಕೆ ಹೋಗುತ್ತದೆ ಎಂದಮಾತ್ರಕ್ಕೆ ಅದು ಶುದ್ಧವಾಗಿರುತ್ತದೆಂದು ನಂಬಲಾಗದು. ಯಾರ ಹಣ ಅದನ್ನು ನಡೆಸುತ್ತದೆಯೋ ಅವರು ತೋರಿಸಿದ ದಿಕ್ಕಿಗೇ ಅದು ಹರಿಯುವ ಅಪಾಯವಿದೆ.

ಬ್ರೌನನ ಅನಂತರ 1788ರಲ್ಲಿ ಈ ವೃತ್ತಿಗೆ ಬಂದ ಹಂಫ್ರಿ ರೆಪ್ಟನ್ನನು ಕೆಂಪು ರಟ್ಟಿನ ಪುಸ್ತಕಗಳಲ್ಲಿ ಚಿತ್ರ ಬರೆದು ಗಿರಾಕಿಗಳಿಗೆ ಕೊಡುತ್ತಿದ್ದನು. ಚಿತ್ರದ ಮೇಲೆ ಅಂಟಿಸಿದ ತುಂಡು ಕಾಗದದಲ್ಲಿ ನೆಲದ ಇಂದಿನ ರೂಪ. ಅದನ್ನು ಎತ್ತಿದರೆ ಕೆಳಗೆ ಮುಂದಿನ ರೂಪ. ಎಂಥ ಚೆಲುವಾದ ಉಪಾಯ! ಆದರೆ ಕಾಗದವನ್ನು ಎತ್ತಲು ಬೇಕಾಗುವುದು ಒಂದು ಕ್ಷಣ, ಆ ಮರಗಳಿಗೆ ಬೇಕಾಗುವುದು ಹಲವು ದಶಕ. ಇಂದು ಗಣಕಯಂತ್ರದಲ್ಲಿ ಬಿಡಿಸಿ ತೋರಿಸುವ ಬಣ್ಣದ ಚಿತ್ರಗಳಲ್ಲಿಯೂ ಇದೇ ಮರೆವು ಇದೆ. ಗೃಹಪ್ರವೇಶದ ದಿನದ ಚಿತ್ರದಲ್ಲಿ ಮೂವತ್ತು ವರ್ಷದ ಮರ ನಿಂತಿರುತ್ತದೆ. ಅದನ್ನು ಸುಳ್ಳೆಂದು ಕರೆಯಲು ಸಂಕೋಚವಾಗುತ್ತದೆ. ನಿಜವೆಂದು ಕರೆಯಲೂ ಬಾಯಿ ಬರುವುದಿಲ್ಲ.

ನಮ್ಮ ನಾಡಿನಲ್ಲಿ ದೂರ ನೋಡಿ ನೆಟ್ಟವರ ಮಾತು ಬಂದಾಗ ಕ್ರುಂಬಿಗಲ್ ಅವರ ಹೆಸರನ್ನು ಎಲ್ಲರೂ ಸ್ಮರಿಸುತ್ತಾರೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಆ ಜರ್ಮನ್ ತಜ್ಞರು, ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವಾಗ ಮತ್ತೊಂದು ಅರಳುವಂತೆ ಯೋಜಿಸಿದರೆಂಬುದು ಪ್ರಸಿದ್ಧ ಸಂಗತಿ. ಆದರೆ ಅವರ ಹಿಂದೆ ಸಂಸ್ಥಾನವಿತ್ತು, ತಿಂಗಳ ಸಂಬಳವಿತ್ತು. ಸ್ವಂತ ಉದ್ಯಮ ನಡೆಸುವವನಿಗೆ ಆ ನೆಮ್ಮದಿ ಇಲ್ಲ. ಅವನಿಗೆ ಪ್ರತಿ ಶನಿವಾರ ಬಟವಾಡೆ ಇದೆ.

ನನಗೆ ಪರಿಚಿತರಾದ ಒಬ್ಬ ಉದ್ಯಾನ ಗುತ್ತಿಗೆದಾರರಿಗೆ ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಬಡಾವಣೆಯ ಕೆಲಸ ಬಂದಿತ್ತು. ಎರಡು ಎಕರೆ ಹುಲ್ಲುಹಾಸು, ಸಾಲು ತಾಳೆ, ನಲವತ್ತು ದಿನಗಳ ಗಡುವು. ಅಲ್ಲಿಯ ಕೊಳವೆಬಾವಿಯ ನೀರು ಆಗಲೇ ಇಳಿಯುತ್ತಿದ್ದುದನ್ನು ಕಂಡು, ಹುಲ್ಲನ್ನು ಕಾಲುಭಾಗಕ್ಕೆ ಇಳಿಸಿ ಉಳಿದೆಡೆ ಹೊಂಗೆ, ಬೇವು, ನೇರಳೆ ಹಾಕೋಣ, ಮೂರು ಬೇಸಿಗೆ ಕಳೆದರೆ ಅವು ತಮ್ಮನ್ನು ತಾವೇ ನೋಡಿಕೊಳ್ಳುತ್ತವೆ ಎಂದು ಅವರು ಹೇಳಿದರು. ಕೆಲಸ ಬೇರೆಯವರ ಪಾಲಾಯಿತು. ಆ ದಿನ ಅವರ ಮೇಸ್ತ್ರಿ ಹೇಳಿದ ಮಾತನ್ನು ಅವರೇ ನನಗೆ ತಿಳಿಸಿದರು: “ಯಜಮಾನ್ರೇ, ನೀವು ಮೂವತ್ತು ವರ್ಷದ ಮಾತಾಡ್ತೀರಿ. ಶನಿವಾರದ ಮಾತು ಯಾರು ಆಡ್ಬೇಕು?” ಆ ತಿಂಗಳು ಮೂವರು ಆಳುಗಳು ಬೇರೆ ಕಡೆ ಕೂಲಿ ಹುಡುಕಿಕೊಂಡು ಹೋದರು.

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿಯು ಕೈತೋಟಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದೂ ತಪ್ಪಿದರೆ 5,000 ರೂಪಾಯಿ ದಂಡವೆಂದೂ ಆಜ್ಞೆ ಹೊರಡಿಸಿದಾಗ ಆ ಎರಡು ಎಕರೆ ಹುಲ್ಲು ಒಣಗಿತು. ಇದನ್ನು ಅವರ ಗೆಲುವೆಂದು ಬರೆಯಲು ನನಗೆ ಮನಸ್ಸಿಲ್ಲ. ಆ ಮೂವರು ಕಳೆದುಕೊಂಡ ಕೂಲಿಯನ್ನು ಒಣಗಿದ ಹುಲ್ಲು ತಂದುಕೊಡಲಿಲ್ಲ. ದೂರದೃಷ್ಟಿಯ ಬೆಲೆಯನ್ನು ಅನೇಕ ವೇಳೆ ಆ ದೃಷ್ಟಿಯುಳ್ಳವನು ತೆರುವುದಿಲ್ಲ, ಅವನನ್ನು ನಂಬಿದವರು ತೆರುತ್ತಾರೆ. ಅವರೇನೂ ತಪ್ಪು ಮಾಡದವರಲ್ಲ, ಅದನ್ನೂ ಹೇಳಬೇಕು. ಹಿಂದೊಮ್ಮೆ ಗಿರಾಕಿಯ ಆತುರಕ್ಕೆ ಮಣಿದು ಕಾಂಪೌಂಡಿನ ಬದಿಗೇ ಮಳೆಮರವನ್ನು ನೆಟ್ಟು, ಅದರ ಬೇರು ಗೋಡೆಯನ್ನು ಸೀಳಿದ ಮೇಲೆ, ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾನೂನಿನಂತೆ ಅನುಮತಿಗಾಗಿ ಅಲೆದವರು ಅವರು.

ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ಮನುಷ್ಯನ ದೃಷ್ಟಿಯು ಸಾಮಾನ್ಯವಾಗಿ ಅವನ ಅನ್ನ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಹೋಗುತ್ತದೆ. ನೆಟ್ಟ ದಿನವೇ ಪೂರ್ತಿ ಹಣ ಪಡೆದವನ ಕಣ್ಣು ನೆಟ್ಟ ದಿನಕ್ಕೇ ನಿಲ್ಲುತ್ತದೆ. ಆದುದರಿಂದ ದೂರ ನೋಡಬೇಕೆಂಬ ಯಜಮಾನನು ಮೊದಲು ತನ್ನ ಸಂಪಾದನೆಯನ್ನೇ ದೂರಕ್ಕೆ ಹರಡಿಕೊಳ್ಳಬೇಕು. ನೆಡುವುದಕ್ಕೆ ಕಡಮೆ ಹಣ, ಐದು ವರ್ಷಗಳ ಪಾಲನೆಗೆ ಪ್ರತಿ ವರ್ಷ ಹಣ, ಸತ್ತ ಸಸಿಗೆ ತನ್ನ ಖರ್ಚಿನಲ್ಲಿ ಬದಲಿ ಸಸಿ ಎಂಬ ಕರಾರಾದರೆ, ಬೇಸಿಗೆಯಲ್ಲಿ ಸಾಯುವ ಗಿಡವನ್ನು ಅವನು ನೆಡುವುದಾದರೂ ಹೇಗೆ? ಮೇಸ್ತ್ರಿಯ ಶನಿವಾರಕ್ಕೂ ಅದರಲ್ಲಿ ಉತ್ತರವಿದೆ, ಏಕೆಂದರೆ ಪಾಲನೆಯ ಕೂಲಿ ಹೊಸ ಕೆಲಸ ಬಾರದ ತಿಂಗಳಲ್ಲಿಯೂ ನಡೆಯುತ್ತದೆ. ಇಲ್ಲಿಯೂ ಒಂದು ಬಾಳೆ, ಒಂದು ಅಡಿಕೆ.

ಇದು ಸ್ವಾರ್ಥದ ಏರ್ಪಾಡಾಯಿತು, ಇದರಲ್ಲಿ ಧರ್ಮವೆಲ್ಲಿ ಬಂತು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಸಾರವಿಲ್ಲದ್ದೇನಲ್ಲ. ಆದರೆ ಒಳ್ಳೆಯತನವು ದಿನದಿನವೂ ನಷ್ಟದ ಮೇಲೆಯೇ ನಿಲ್ಲಬೇಕೆಂದರೆ ಅದು ಬಹುಕಾಲ ನಿಲ್ಲದು. ನಿಂತರೂ ಆಳುಗಳ ಹೊಟ್ಟೆಯ ಮೇಲೆ ನಿಲ್ಲುತ್ತದೆ. ತಾನು ನಾಳೆ ದುರ್ಬಲನಾಗಬಹುದೆಂದು ತಿಳಿದು ಇಂದೇ ತನ್ನ ಕೈಯನ್ನು ಕರಾರಿನಿಂದ ಕಟ್ಟಿಕೊಳ್ಳುವವನಲ್ಲಿ ವಿವೇಕವೂ ಇದೆ, ವಿನಯವೂ ಇದೆ. ಕರಾರು ಮುಟ್ಟದ ಭಾಗವೊಂದು ಉಳಿದೇ ಉಳಿಯುತ್ತದೆ. ಆರನೆಯ ವರ್ಷದ ಮರ, ಮೂವತ್ತನೆಯ ವರ್ಷದ ಬೇರು, ಮಿಲ್ಟನ್ ಅಬಾಸಿನಂತೆ ನೋಟದಿಂದ ಹೊರಹಾಕಲ್ಪಡುವ ಜನ, ಇವು ಯಾವ ಕಾಗದದ ಮೇಲೂ ಸಹಿ ಹಾಕಲಾರವು. ಅಲ್ಲಿ ಅವನ ಅಂತಃಸಾಕ್ಷಿಯೊಂದೇ ಕಾವಲು.

ನನ್ನ ಆ ಪರಿಚಿತರು ಈಗ ಗಿರಾಕಿಗಳಿಗೆ ಮೂರು ಚಿತ್ರಗಳನ್ನು ತೋರಿಸುತ್ತಾರೆ: ಒಪ್ಪಿಸುವ ದಿನದ್ದು, ಐದನೆಯ ವರ್ಷದ್ದು, ಮೂವತ್ತನೆಯ ವರ್ಷದ್ದು. ಮೊದಲನೆಯದರಲ್ಲಿ ಹೆಚ್ಚಿನಂಶ ಕೆಮ್ಮಣ್ಣು, ಆಸರೆ ಕೋಲುಗಳು. ಅದನ್ನು ನೋಡಿಯೇ ಎದ್ದುಹೋಗುವವರು ಇದ್ದಾರೆ. ಐದು ವರ್ಷದ ಕರಾರಿಗೆ ಮೊದಲು ಒಪ್ಪಿದ ಮನೆಯವರ ಅವಧಿ ಮುಂದಿನ ಯುಗಾದಿಗೆ ಮುಗಿಯುತ್ತದೆ. ಅದನ್ನು ಮುಂದುವರಿಸುವುದಾದರೆ ದರವೇನೆಂದು ಅವರು ಕೇಳಿ ಕಳುಹಿಸಿದ್ದಾರೆ. ಗಿಡಗಳಿಗೆ ಈಗ ಹೆಚ್ಚು ನೀರು ಬೇಡ, ಆದುದರಿಂದ ಹಿಂದಿನ ದರವನ್ನು ಕೇಳುವುದು ಸರಿಯಲ್ಲ. ಇಳಿಸಿದರೆ ಒಬ್ಬ ಆಳಿನ ಕೂಲಿ ಹುಟ್ಟುವುದಿಲ್ಲ. ಏನು ಬರೆಯಬೇಕೆಂದು ಅವರು ಇನ್ನೂ ನಿಶ್ಚಯಿಸಿಲ್ಲ.