ಅನ್ಯೋನ್ಯದೊಳಗಿನ ಅನ್ಯ

ಬ್ಯಾಡಗಿಯ ಅಂಗಡಿಗಳಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಬೆರಳು ನೋಡಿದವರಿಗೆ ಗೊತ್ತು, ಆ ಕೆಂಪು ಸೋಪಿಗೆ ಹೋಗುವುದಿಲ್ಲ. ಖಾರಕ್ಕಿಂತ ಬಣ್ಣಕ್ಕೇ ಹೆಸರಾಗಿ 2011ರಲ್ಲಿ ಜಿಐ ಮಾನ್ಯತೆ ಪಡೆದ ಕಾಯಿ ಅದು. ಬಣ್ಣ ಉಗುರಿನ ಸಂದಿಯಲ್ಲಿ ಕೂತುಬಿಡುತ್ತದೆ. ಖಾರ ಕಡಿಮೆ ಅಂದರೂ ಮರೆತು ಕಣ್ಣು ಮುಟ್ಟಿಕೊಂಡರೆ ಉರಿ ತಪ್ಪಿದ್ದಲ್ಲ. ಒಂದು ರವಿವಾರ ಆರಾಧನೆಯ ಹೊತ್ತಿನಲ್ಲಿ ಅಂಥದೊಂದು ಕೈ ನನ್ನ ಎರಡೂ ಅಂಗೈಗಳ ನಡುವೆ ಬಂತು.

ದಕ್ಷಿಣ ಭಾರತ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. 1950ರಲ್ಲಿ ಹೊರಬಂದ ಅದರ ಆರಾಧನಾಕ್ರಮ ಒಂದು ಹಳೆಯ ಪದ್ಧತಿಗೆ ಮರಳಿ ಜೀವ ಕೊಟ್ಟಿತು. ಆದಿಸಭೆಯವರು ಮುತ್ತಿಟ್ಟು ಕೊಡುತ್ತಿದ್ದ ಸಮಾಧಾನವನ್ನು ಇಲ್ಲಿ ಕೈಯಿಂದ ಕೈಗೆ ದಾಟಿಸುತ್ತಾರೆ. ಅದು ಸಭಾಪಾಲಕರಿಂದ ಹೊರಟು ಸಾಲಿನಿಂದ ಸಾಲಿಗೆ ಬರುತ್ತದೆ. ಪಕ್ಕದಲ್ಲಿ ಯಾರು ಕೂತಿದ್ದಾರೋ ಅವರಿಂದಲೇ ಪಡೆಯಬೇಕು, ಆ ಕಡೆ ಯಾರಿದ್ದಾರೋ ಅವರಿಗೇ ಕೊಡಬೇಕು. ಇಲ್ಲಿ ಆರಿಸಿಕೊಳ್ಳುವ ಮಾತಿಲ್ಲ. ನನ್ನ ಇಡೀ ವಾದ ಇಷ್ಟರಲ್ಲೇ ಇದೆ. ಸಭೆಯ ಸಂತೋಷ ಹುಟ್ಟುವುದು ನಾವು ಆರಿಸಿಕೊಳ್ಳದ ಮನುಷ್ಯರಿಂದ.

ಆದಿಸಭೆಯ ಒಕ್ಕೂಟದ ಬದುಕಿಗೆ ಗ್ರೀಕಿನಲ್ಲಿದ್ದ ಪದ ಕೊಯಿನೊನಿಯ. ಹಂಚಿಕೊಂಡದ್ದು, ಎಲ್ಲರಿಗೂ ಸೇರಿದ್ದು ಎಂಬ ಭಾವ ಅದರದು. ಕನ್ನಡ ಬೈಬಲಿನ ಅನುವಾದಕರು ಅಲ್ಲಿ ‘ಅನ್ಯೋನ್ಯತೆ’ ಎಂದು ಬರೆದರು. ನನ್ನ ಮಟ್ಟಿಗೆ ಇದು ಮೂಲಕ್ಕಿಂತಲೂ ಆಳವಾದ ಮಾತು. ಗಂಡ ಹೆಂಡತಿ ಅನ್ಯೋನ್ಯವಾಗಿದ್ದಾರೆ ಎಂದು ದಿನವೂ ಅನ್ನುತ್ತೇವೆ, ಆ ಪದದೊಳಗೆ ‘ಅನ್ಯ’ ಎರಡು ಸಲ ಇರುವುದನ್ನು ಗಮನಿಸುವುದಿಲ್ಲ. ನಾನು ನಿನಗೆ ಅನ್ಯ, ನೀನು ನನಗೆ ಅನ್ಯ. ಇಬ್ಬರೂ ಕರಗಿ ಒಂದೇ ಮುದ್ದೆಯಾಗಿಲ್ಲ, ಆದರೂ ಒಬ್ಬರಿಲ್ಲದೆ ಇನ್ನೊಬ್ಬರಿಲ್ಲ. ಒಂದೇ ಅಭಿರುಚಿ, ಒಂದೇ ಅಂತಸ್ತು ಇದ್ದವರು ಕೂಡಿದರೆ ಅದು ಸ್ನೇಹ. ಸ್ನೇಹ ದೊಡ್ಡದೇ, ಆದರೆ ಅದಕ್ಕೆ ಸಭೆ ಬೇಕಾಗಿಲ್ಲ.

ಯೋಹಾನನ ಮೊದಲ ಪತ್ರದ ಆರಂಭದಲ್ಲಿ ಅನ್ಯೋನ್ಯತೆಯ ಮಾತು ಮೊದಲು ಬರುತ್ತದೆ, ಸಂತೋಷ ಪೂರ್ಣವಾಗುವ ಮಾತು ಆಮೇಲೆ. ಈ ಕ್ರಮವನ್ನು ಇವತ್ತು ನಾವು ತಿರುಗುಮುರುಗು ಮಾಡಿದ್ದೇವೆ. ಮೊದಲು ಸಂತೋಷ ಹುಟ್ಟಿಸೋಣ, ಜನ ತಾವಾಗಿ ಕೂಡುತ್ತಾರೆ ಎಂದು ಕೀಬೋರ್ಡು, ಡ್ರಮ್ಮು, ಧ್ವನಿವರ್ಧಕ ತರುತ್ತೇವೆ. ಹಾಡು ಬೇಕು, ಚಪ್ಪಾಳೆಯೂ ಬೇಕು. ಆದರೆ ಹಾಡು ನಿಂತ ಐದು ನಿಮಿಷಕ್ಕೆ ಪಕ್ಕದವರ ಹೆಸರು ಕೇಳದೆ ಗಾಡಿ ಚಾಲೂ ಮಾಡಿಕೊಂಡು ಹೋಗುವವರ ಸಂತೋಷ ಗೇಟಿನ ತನಕವೂ ಬಾಳುವುದಿಲ್ಲ.

ಕೊರಿಂಥದ ಸಭೆ ಇದನ್ನು ಮೊದಲೇ ಅನುಭವಿಸಿತ್ತು. ಅಲ್ಲಿ ಕರ್ತನ ಭೋಜನ ನಿಜವಾದ ಊಟವೇ ಆಗಿತ್ತು. ಉಳ್ಳವರು ತಮ್ಮದನ್ನು ಮೊದಲೇ ತಿಂದು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ದಿನವೆಲ್ಲ ದುಡಿದು ತಡವಾಗಿ ಬಂದ ಕೂಲಿಯವರೇ ಆ ಹಸಿದವರು ಎಂದು ಅನೇಕ ಪಂಡಿತರು ಊಹಿಸುತ್ತಾರೆ. ಪೌಲ ಕೆರಳಿ, ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಬರೆದ. ಕೊನೆಗೆ ಅವನು ಕೊಟ್ಟ ಅಪ್ಪಣೆ ಬಹಳ ಸರಳ: ಕೂಡಿ ಉಣ್ಣುವಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕು. ಪರಲೋಕದ ರಹಸ್ಯವನ್ನು ಬಿಡಿಸಿ ಹೇಳಬಲ್ಲವನು ಈ ಜಗಳಕ್ಕೆ ಕೊಟ್ಟ ಪರಿಹಾರ, ಕಾಯುವುದು.

ನಮ್ಮ ಕಡೆ ಈ ಪರೀಕ್ಷೆ ಜಾತಿಯ ರೂಪದಲ್ಲಿ ಬಂತು. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಯಾಯಿತು. ಜಾತಿಯ ವಿಷಯದಲ್ಲಿ ಅದು ಬಿಗಿಯಾಗಿತ್ತು. ಸಭೆಗೆ ಬಂದವರು ಒಂದೇ ಪಂಕ್ತಿಯಲ್ಲಿ ಉಣ್ಣಬೇಕು, ಒಂದೇ ಪಾತ್ರೆಯಿಂದ ಕುಡಿಯಬೇಕು. ಇದಕ್ಕಾಗಿ ಮನೆ, ಬಂಧು, ಹೊಲ ಕಳೆದುಕೊಂಡವರ ಮೊಮ್ಮಕ್ಕಳು ನಾವು. 1841ರಲ್ಲಿ ಗದಗದ ಹತ್ತಿರ ಮಾಲಸಮುದ್ರದಲ್ಲಿ ಕ್ರೈಸ್ತರದೇ ಒಂದು ವಸಾಹತು ಕಟ್ಟಲೂ ಮಿಶನ್ ಮುಂದಾಯಿತು, ಅದು ಅಂದುಕೊಂಡಂತೆ ನಡೆಯಲಿಲ್ಲ. ಬೇಲಿಯೊಳಗೆ ಅನ್ಯೋನ್ಯತೆ ಬೆಳೆಯುವುದಿಲ್ಲ ಎಂಬುದಕ್ಕೆ ನಾನು ಇದನ್ನೇ ನೆನೆಯುತ್ತೇನೆ. ಅಷ್ಟು ಬೆಲೆ ತೆತ್ತು ಪಂಕ್ತಿಯಿಂದ ಹೊರಗೆ ಹಾಕಿದ ಜಾತಿ ಇವತ್ತಿಗೂ ಮದುವೆಯ ಮಾತು ಬಂದಾಗ ಹಿತ್ತಲ ಬಾಗಿಲಿಂದ ಒಳಗೆ ಬರುತ್ತದೆ. ಇದನ್ನು ಒಪ್ಪಿಕೊಳ್ಳದೆ ಸಂತೋಷದ ಬಗ್ಗೆ ಬರೆಯುವುದು ನನಗೆ ಸಾಧ್ಯವಿಲ್ಲ.

ಇದರಲ್ಲಿ ನಿಮ್ಮದೇ ಆದ ವಿಶೇಷವೇನು ಎಂದು ಹಾವೇರಿಯ ಗೆಳೆಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅಂಬಿಗರ ಚೌಡಯ್ಯನ ಚೌಡದಾನಪುರ ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ, ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿದೆ. ಕುಲದ ಹಮ್ಮನ್ನು ಪ್ರಶ್ನಿಸುವುದನ್ನು ಈ ನೆಲ ಮಿಶನರಿಗಳಿಂದ ಕಲಿಯಬೇಕಾಗಿರಲಿಲ್ಲ, ದಾಸೋಹ ಎಂಬ ಮಾತೂ ಇಲ್ಲಿ ಹೊಸದಲ್ಲ. ಹಂಚಿ ಉಣ್ಣುವ ಸಂತೋಷ ಸಭೆಯೊಂದರ ಆಸ್ತಿ ಎಂದು ನಾನು ವಾದಿಸುವುದಿಲ್ಲ. ನಮ್ಮ ಹೊಣೆ ಮಾತ್ರ ಖಚಿತ. ಊಟಕ್ಕೆ ಕರೆದವನು ಕ್ರಿಸ್ತ, ಅತಿಥಿಗಳ ಪಟ್ಟಿಯೂ ಅವನದೇ ಎಂದು ನಂಬುತ್ತೇವೆ. ಹಾಗಿದ್ದಮೇಲೆ ಆ ಪಟ್ಟಿಯಿಂದ ಒಂದು ಹೆಸರು ಹೊಡೆಯಲೂ ನಮಗೆ ಅಧಿಕಾರವಿಲ್ಲ.

ಜಗಳವಿದ್ದಲ್ಲಿ ಸಂತೋಷವೆಲ್ಲಿ ಎನ್ನುವವರೂ ಇದ್ದಾರೆ. ಪೌಲ ಸೆರೆಯಲ್ಲಿದ್ದು ಫಿಲಿಪ್ಪಿಯವರಿಗೆ ಬರೆದ ಪತ್ರದ ತುಂಬ ಸಂತೋಷವೇ. ಅದೇ ಪತ್ರದಲ್ಲಿ ಒಬ್ಬರಿಗೊಬ್ಬರು ಆಗದ ಇಬ್ಬರು ಹೆಣ್ಣುಮಕ್ಕಳ ಹೆಸರು ಹಿಡಿದು, ಒಂದೇ ಮನಸ್ಸಿನಿಂದಿರಿ ಎಂದು ಬೇಡಿಕೊಳ್ಳುತ್ತಾನೆ. ಅವರನ್ನು ಹೊರಗೆ ಹಾಕಿ ನೆಮ್ಮದಿ ಕಂಡುಕೊಳ್ಳುವುದು ಸುಲಭವಿತ್ತು. ಅವನು ಹಾಗೆ ಮಾಡಲಿಲ್ಲ.

ಆ ರವಿವಾರ ನನ್ನ ಕೈಗೆ ಬಂದ ಕೈ ಒರಟಾಗಿತ್ತು, ಬೆಚ್ಚಗಿತ್ತು. ಆಕೆ ಕೊಟ್ಟ ಸಮಾಧಾನವನ್ನು ನಾನು ಮುಂದಿನವರಿಗೆ ದಾಟಿಸಿದೆ. ಮನೆಗೆ ಬಂದು ಮೂಗು ಒರೆಸಿಕೊಂಡಾಗ ಸಣ್ಣಗೆ ಘಾಟು ಬಂತು. ಆಕೆಯ ವಾರದ ದುಡಿಮೆಯೂ ಸ್ವಲ್ಪ ನನ್ನ ಪಾಲಿಗೆ ಬಂದಿತ್ತು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಸಭೆಗಳ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಈ ಸಲದ ಸುಗ್ಗಿ ಹಬ್ಬದ ಊಟಕ್ಕೆ ಬಡಿಸುವ ಮುಂಚೆ ಸಾಲಿನಲ್ಲಿ ಯಾರಿಲ್ಲ ಎಂದು ಒಮ್ಮೆ ನೋಡಿರಿ. ಅಂಗಡಿ ಕೆಲಸ ಮುಗಿಸಿ ಬರುವವರು ಇನ್ನೂ ದಾರಿಯಲ್ಲಿದ್ದರೆ ಅವರು ಬರುವ ತನಕ ಕಾಯಿರಿ.